ಷೋಕೇಸಿನ ಬಾಗಿಲು ತೆಗೆಯೋಣ

ನಮ್ಮ ಕಡೆಯ ಬಹಳಷ್ಟು ಮನೆಗಳ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಒಂದು ಷೋಕೇಸ್ ಇರುತ್ತದೆ. ಅದರೊಳಗೆ ಚನ್ನಪಟ್ಟಣದ ಬೊಂಬೆ, ಬೀದರಿನ ಹೂದಾನಿ, ಮೈಸೂರಿನಿಂದ ತಂದ ಗಂಧದ ಆನೆ, ಗೃಹಪ್ರವೇಶಕ್ಕೆ ಬಂದ ಉಡುಗೊರೆಗಳು. ಹಬ್ಬ ಬಂದಾಗ ಬಾಗಿಲು ತೆಗೆದು ದೂಳು ಒರೆಸಿ ಮತ್ತೆ ಮುಚ್ಚುತ್ತೇವೆ. ಅದೇ ಹಾಲ್‌ನಲ್ಲಿ ನಾವು ಕೂರುವ ಕುರ್ಚಿ, ಕಾಲಡಿಯ ಹಾಸು, ಕಿಟಕಿಯ ಪರದೆ, ದಿನಕ್ಕೆ ಹತ್ತು ಸಲ ಎಳೆಯುವ ಡ್ರಾಯರಿನ ಹಿಡಿ, ಇವುಗಳಲ್ಲಿ ಮಾತ್ರ ನಮ್ಮ ನಾಡಿನ ಕಸುಬುಗಾರರ ಕೈಗುರುತು ಎಲ್ಲೂ ಕಾಣುವುದಿಲ್ಲ. ಅವರ ಕೆಲಸವನ್ನು ನೋಡಿ ಸಂತೋಷಪಡುತ್ತೇವೆ, ಬಳಸುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇದೇ ವಿಷಯ. ಷೋಕೇಸಿನಲ್ಲಿರುವ ಕಲೆ ನಮ್ಮ ದಿನಬಳಕೆಗೆ ಬರಬೇಕು. ಅಟ್ಟ ಸೇರಿರುವ ಹಳೆಯ ಮರದ ಸಾಮಾನು ರಿಪೇರಿಯಾಗಿ ಕೆಳಗಿಳಿಯಬೇಕು. ಹಾಗೆ ಮಾಡಿದರೆ ಮನೆ ಚೆನ್ನಾಗಿ ಕಾಣುತ್ತದೆ. ಅದರ ಜೊತೆಗೆ ಒಂದಷ್ಟು ಕೈಗಳಿಗೆ ವರ್ಷವಿಡೀ ಕೆಲಸವೂ ಸಿಗುತ್ತದೆ.

ಮೊದಲು ಜಾಗದ ಮಾತು ಮುಗಿಸಿಬಿಡೋಣ. ಮನೆ ಇಕ್ಕಟ್ಟೆನಿಸುವುದಕ್ಕೆ ಅನೇಕ ಸಲ ಕಾರಣ ಕೋಣೆ ಚಿಕ್ಕದಾಗಿರುವುದಲ್ಲ, ಸಾಮಾನು ದೊಡ್ಡದಾಗಿರುವುದು. ಅಂಗಡಿಯ ವಿಶಾಲವಾದ ಹಾಲ್‌ನಲ್ಲಿ ಸಾಧಾರಣವಾಗಿ ಕಂಡ ಸೋಫಾ, ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಗೆ ಬಂದಾಗ ಅರ್ಧ ಕೋಣೆ ನುಂಗುತ್ತದೆ. ಆದ್ದರಿಂದ ಏನನ್ನೇ ತರುವ ಮೊದಲು ಅದರ ಉದ್ದಗಲ ಬರೆದುಕೊಂಡು ಬನ್ನಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಅದೇ ಅಳತೆಗೆ ಕತ್ತರಿಸಿ, ನೆಲದ ಮೇಲೆ ಹಾಸಿ. ಎರಡು ದಿನ ಆ ಕಾಗದವನ್ನು ತುಳಿಯದೆ ಓಡಾಡಿ ನೋಡಿ. ಓಡಾಡುವ ದಾರಿಗೆ ಮೂರು ಅಡಿ ಬೇಕು. ಊಟದ ಮೇಜಿನಿಂದ ಕುರ್ಚಿ ಹಿಂದಕ್ಕೆ ಎಳೆದು ಏಳುವುದಕ್ಕೂ ಹತ್ತಿರಹತ್ತಿರ ಅಷ್ಟೇ ಬೇಕು. ಸೋಫಾ ಮತ್ತು ಟೀಪಾಯಿಯ ನಡುವೆ ಒಂದೂವರೆ ಅಡಿ ಸಾಕು. ಕುರ್ಚಿಯ ಆಸನ ನೆಲದಿಂದ ಹದಿನೆಂಟು ಇಂಚು, ಮೇಜು ಮೂವತ್ತು ಇಂಚು ಇದ್ದರೆ ಹೆಚ್ಚಿನವರಿಗೆ ಹೊಂದುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಕುರ್ಚಿ ಇನ್ನೊಂದು ಇಂಚು ಎತ್ತರವಿರಲಿ, ಊರಿ ಏಳಲು ಗಟ್ಟಿಯಾದ ಕೈಗಳಿರಲಿ. ತಗ್ಗಾದ ಮೆತ್ತನೆಯ ಸೋಫಾದಲ್ಲಿ ಕೂತ ಅಜ್ಜಿ ಏಳಲು ಪಡುವ ಪಾಡು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಇನ್ನು ಅಟ್ಟದ ಕಡೆ ನೋಡೋಣ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಬೆತ್ತದ ಕುರ್ಚಿ. ಚೌಕಟ್ಟು ಸಾಗುವಾನಿಯದೋ ಬೀಟೆಯದೋ ಆಗಿರುತ್ತದೆ, ಗಟ್ಟಿಮುಟ್ಟಾಗಿರುತ್ತದೆ. ನಡುವಿನ ಹೆಣಿಗೆ ಮಾತ್ರ ಹರಿದಿರುತ್ತದೆ. ಹರಿದ ಹೆಣಿಗೆಗಾಗಿ ಇಡೀ ಕುರ್ಚಿಯನ್ನು ಗುಜರಿಗೆ ಹಾಕುವುದು ದೊಡ್ಡ ನಷ್ಟ. ಅದನ್ನು ಹೊಸದಾಗಿ ಹೆಣೆಯುವುದು ಹೇಗೆಂದು ಒಮ್ಮೆ ಹತ್ತಿರ ಕೂತು ನೋಡಬೇಕು. ಆಸನದ ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿರುತ್ತವೆ. ಸೀಳಿದ ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಸಿಡುತ್ತಾರೆ. ನೆನೆದ ಎಳೆ ಬಾಗುತ್ತದೆ, ಒಣಗಿದ್ದು ಪಟ್ಟನೆ ಮುರಿಯುತ್ತದೆ. ಮೊದಲು ಹಿಂದಿನಿಂದ ಮುಂದಕ್ಕೆ ಎಳೆಗಳು ಬರುತ್ತವೆ, ಅವುಗಳ ಮೇಲೆ ಎಡದಿಂದ ಬಲಕ್ಕೆ. ಆಮೇಲೆ ಇದೇ ಎರಡು ಸಾಲು ಇನ್ನೊಂದು ಸುತ್ತು. ಕೊನೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ದಿಕ್ಕಿನಲ್ಲಿ ಎಳೆಗಳನ್ನು ಒಂದರ ಕೆಳಗೆ ಒಂದರ ಮೇಲೆ ಹಾಯಿಸುತ್ತಾರೆ. ಎಳೆ ಜಾರದಂತೆ ತೂತಿಗೆ ಸಣ್ಣ ಗೂಟ ಸಿಕ್ಕಿಸಿ, ಇನ್ನೊಂದು ಎಳೆ ಬಂದಾಗ ಕೀಳುತ್ತಾರೆ. ಎಲ್ಲ ಮುಗಿದಾಗ ನಡುವೆ ಎಂಟು ಮೂಲೆಯ ಸಣ್ಣ ಕಣ್ಣುಗಳು ಉಳಿಯುತ್ತವೆ. ಬೆತ್ತ ಒಣಗುತ್ತಾ ಹೋದಂತೆ ಬಿಗಿಯಾಗುತ್ತದೆ, ಬೆರಳಿನಿಂದ ತಟ್ಟಿದರೆ ದಿಮ್ಮೆನ್ನುತ್ತದೆ. ಬೇಸಿಗೆಯಲ್ಲಿ ಆ ಕಣ್ಣುಗಳ ಮೂಲಕ ಬೆನ್ನಿಗೆ ಗಾಳಿಯಾಡುತ್ತದೆ. ರೆಕ್ಸಿನ್ನಿನ ಸೋಫಾದಲ್ಲಿ ಈ ಸುಖವಿಲ್ಲ.

ಈ ಹೆಣಿಗೆಯನ್ನು ನಮ್ಮ ದೇಶದಲ್ಲಿ ಬಹಳ ಕಾಲದಿಂದ ದೃಷ್ಟಿಹೀನರಿಗೆ ಕಲಿಸುತ್ತಾ ಬಂದಿದ್ದಾರೆ. ಅವರ ಬೆರಳು ತೂತನ್ನೂ ಎಳೆಯ ಬಿಗುವನ್ನೂ ಕಣ್ಣಿಗಿಂತ ನಿಖರವಾಗಿ ಅರಿಯುತ್ತದೆ. ನಿಮ್ಮ ಊರಿನಲ್ಲಿ ಅಂಥ ಶಾಲೆಯೋ ತರಬೇತಿ ಕೇಂದ್ರವೋ ಇದ್ದರೆ ವಿಚಾರಿಸಿ. ಹೆಣಿಗೆ ಹರಿಯದೆ ಬರೀ ಸಡಿಲವಾಗಿದ್ದರೆ ಅಷ್ಟೂ ಬೇಡ. ಕುರ್ಚಿಯನ್ನು ಮಗುಚಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಳಭಾಗದ ಬೆತ್ತಕ್ಕೆ ಒತ್ತಿ ಚೆನ್ನಾಗಿ ಒದ್ದೆ ಮಾಡಿ, ರಾತ್ರಿಯಿಡೀ ಒಣಗಲು ಬಿಡಿ. ಬೆಳಗಿನ ಹೊತ್ತಿಗೆ ಅದು ಬಿಗಿದುಕೊಂಡಿರುತ್ತದೆ. ಒಣಗುವ ತನಕ ಯಾರೂ ಅದರ ಮೇಲೆ ಕೂರಬಾರದು.

ಹಳೆಯ ಮರದ ಬಗ್ಗೆ ಇನ್ನೊಂದು ಮಾತು. ಹಳೇ ಮನೆ ಕೆಡವಿದಾಗ ಬಂದ ಬಾಗಿಲು, ಕಿಟಕಿ, ತೊಲೆಗಳನ್ನು ಮಾರುವ ಅಂಗಡಿಗಳು ನಮ್ಮ ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಎಷ್ಟೋ ದಶಕ ಬಿಸಿಲು ಮಳೆ ಕಂಡ ಮರ ಕುಗ್ಗುವುದಿದ್ದರೆ ಕುಗ್ಗಿ ಮುಗಿದಿರುತ್ತದೆ. ಅದರಿಂದ ಮಾಡಿದ ಮೇಜು ಸುಲಭವಾಗಿ ಸೊಟ್ಟಗಾಗುವುದಿಲ್ಲ. ಆರೂವರೆ ಅಡಿ ಉದ್ದದ ಒಂದು ಹಳೆಯ ಬಾಗಿಲು ಆರು ಜನ ಕೂತು ಉಣ್ಣುವ ಮೇಜಾಗುತ್ತದೆ. ಬಾಗಿಲಿನ ಹಲಗೆಗಳ ನಡುವೆ ತಗ್ಗು ಇರುವುದರಿಂದ ಮೇಲೆ ಗಟ್ಟಿ ಗಾಜು ಹಾಕಿಸಬೇಕು, ಇಲ್ಲದಿದ್ದರೆ ಅನ್ನದಗುಳು ಅಲ್ಲೇ ಕೂರುತ್ತದೆ. ಚಿಲಕ, ಬಳೆ, ಹಿತ್ತಾಳೆಯ ಮೊಳೆಗಳನ್ನು ಕೀಳಿಸಬೇಡಿ. ಅವು ಇದ್ದಲ್ಲಿಯೇ ಚೆಂದ. ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸಿದರೆ ಕೈತೊಳೆಯುವ ಜಾಗಕ್ಕೆ ಒಳ್ಳೆಯ ಒಪ್ಪ ಬರುತ್ತದೆ.

ಕೊಳ್ಳುವಾಗ ಮರವನ್ನು ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು. ಸೂಜಿಮೊನೆಯಷ್ಟು ತೂತುಗಳಿದ್ದು ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕೊರೆಯುವ ಹುಳ ಇನ್ನೂ ಬದುಕಿದೆ ಎಂದೇ ಅರ್ಥ. ಅದನ್ನು ಮನೆಯೊಳಗೆ ತಂದರೆ ಉಳಿದ ಮರಕ್ಕೂ ಹಬ್ಬುತ್ತದೆ. ಹಳೆಯ ಮೇಜಿಗೆ ಹೊಳಪು ಕೊಟ್ಟಿರುವುದು ಹೆಚ್ಚಾಗಿ ಫ್ರೆಂಚ್ ಪಾಲಿಶ್, ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಬಿಸಿ ಕಾಫಿಯ ಲೋಟ ನೇರವಾಗಿ ಇಟ್ಟರೆ ಅದರ ಮೇಲೆ ಬಿಳಿ ಉಂಗುರ ಮೂಡುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಮತ್ತೆ ಕರಗುವುದರಿಂದ, ಪಾಲಿಶ್ ಕೆಲಸದವರು ಹತ್ತಿಯ ಗಂಟಿನಿಂದ ತೇಯ್ದು ಆ ಗುರುತು ಹೋಗಿಸಬಲ್ಲರು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಸಾಮಾನಿಗೆ ಈ ಭಾಗ್ಯವಿಲ್ಲ. ಒಮ್ಮೆ ನೀರು ಕುಡಿದು ಉಬ್ಬಿದರೆ, ಸ್ಕ್ರೂ ಸಡಿಲವಾದರೆ ಅದು ಮತ್ತೆ ಹಿಡಿತಕ್ಕೆ ಬರುವುದು ಕಷ್ಟ. ಅಗ್ಗವೆಂದು ತಂದದ್ದನ್ನು ಮನೆ ಬದಲಾಯಿಸಿದಾಗಲೆಲ್ಲ ಎಸೆಯಬೇಕಾಗುತ್ತದೆ.

ಈಗ ಚನ್ನಪಟ್ಟಣಕ್ಕೆ ಹೋಗೋಣ. ಬೆಂಗಳೂರು ಮೈಸೂರು ದಾರಿಯಲ್ಲಿ ಸಿಗುವ ಈ ಊರಿನ ಬೊಂಬೆಗಳನ್ನು ಎಲ್ಲರೂ ಬಲ್ಲೆವು. ಅಲ್ಲಿ ಮುಖ್ಯವಾಗಿ ಬಳಸುವುದು ಹಾಲೆ ಮರ, ಬೆಳ್ಳಗಿನ, ಮೆದುವಾದ, ಒತ್ತಾದ ಕಣದ ಮರ. ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸುತ್ತಾರೆ. ಉಳಿ ತಾಗಿಸಿದಂತೆ ಮರ ಸುರುಳಿಸುರುಳಿಯಾಗಿ ಹಾರಿ ಆಕಾರ ಹೊರಡುತ್ತದೆ. ಆಮೇಲೆ ಬರುವುದೇ ಬಣ್ಣ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಅದರ ಮೇಲೆ ಒಣಗಿದ ಗರಿಯ ತುಂಡೊಂದನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಬ್ರಶ್ಶಿಲ್ಲ, ಒಣಗಲೆಂದು ಕಾಯುವುದಿಲ್ಲ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ, ಹೀಗೆ ಸಸ್ಯಮೂಲದ ಬಣ್ಣಗಳನ್ನೇ ಬಳಸುವ ಕಾರ್ಖಾನೆಗಳು ಅಲ್ಲಿವೆ.

ಲೇತಿನಲ್ಲಿ ತಿರುಗಿದ್ದೆಲ್ಲ ದುಂಡಗೆ ಹೊರಬರುತ್ತದೆ. ನಮ್ಮ ಮನೆಯಲ್ಲಿ ದುಂಡಗಿರುವ ಸಾಮಾನು ಎಷ್ಟಿವೆ ಎಣಿಸಿ ನೋಡಿ. ಡ್ರಾಯರಿನ ಹಿಡಿ, ಬೀರುವಿನ ಹಿಡಿ, ಬಟ್ಟೆ ತೂಗುಹಾಕುವ ಗೂಟ, ಪರದೆಯ ಸರಳಿನ ತುದಿ, ಸ್ಟೂಲಿನ ಕಾಲು, ಮೇಜಿನ ದೀಪದ ಕಂಬ, ಬಾಗಿಲಿಗೆ ಇಳಿಬಿಡುವ ಮಣಿಸರ. ಇವೆಲ್ಲವನ್ನೂ ಚನ್ನಪಟ್ಟಣದ ಕೈ ಮಾಡಬಲ್ಲದು, ಮಾಡುತ್ತಲೂ ಇದೆ. ಸಪ್ಪೆಯಾಗಿ ಕಾಣುವ ಬೂದು ಬಣ್ಣದ ಒಂದು ಬೀರುವಿಗೆ ಕೆಂಪು ಹಳದಿಯ ಆರು ಹಿಡಿ ಹಾಕಿಸಿ. ಬಡಗಿಯೂ ಬೇಡ, ಒಂದು ಸ್ಕ್ರೂಡ್ರೈವರ್ ಇದ್ದರೆ ಅರ್ಧ ಗಂಟೆಯ ಕೆಲಸ. ಬಾಡಿಗೆ ಮನೆಯಾದರೆ ಬಿಡುವಾಗ ಹಳೆಯ ಹಿಡಿಗಳನ್ನು ಮತ್ತೆ ಹಾಕಿ ನಿಮ್ಮದನ್ನು ಬಿಚ್ಚಿಕೊಂಡು ಹೋಗಬಹುದು. ಮಕ್ಕಳ ಕೋಣೆಯಲ್ಲಿ ಒಂದೊಂದು ಡ್ರಾಯರಿಗೆ ಒಂದೊಂದು ಬಣ್ಣ ಕೊಟ್ಟರೆ, ಓದು ಬಾರದ ಮಗುವೂ ತನ್ನ ಬಟ್ಟೆ ಯಾವ ಡ್ರಾಯರಿನಲ್ಲಿದೆ ಎಂದು ಗುರುತಿಸುತ್ತದೆ. ಅರಗಿಗೆ ಬಿಸಿ ಆಗದು, ಆದ್ದರಿಂದ ಒಲೆಯ ಪಕ್ಕದ ಕಪಾಟಿಗೆ ಹಾಕಬೇಡಿ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಮರದಿಂದ ಬಟ್ಟೆಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಉಟ್ಟು ಮೆತ್ತಗಾದ ಇಳಕಲ್ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಒಟ್ಟಿಗೆ ಹಿಡಿದು ಹೊಲಿದ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಗಳು ಅಮೆರಿಕದ ಸಂಗ್ರಹಾಲಯದಲ್ಲಿಯೂ ಪ್ರದರ್ಶನಗೊಂಡಿವೆ. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೊದಲೇ ಗೆರೆ ಹಾಕಿಕೊಳ್ಳುವುದಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ತುಂಡು ಕೈಗೆ ಬಂದಾಗಲೇ ತೀರ್ಮಾನಿಸುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆಯನ್ನು ಮಡಿಚಿ ಹೂವಿನಂತೆ ಹೊಲಿದರೆ ಕೌದಿ ಪೂರ್ತಿಯಾಯಿತು.

ಇಂಥ ಕೌದಿಯನ್ನು ಟ್ರಂಕಿನಲ್ಲಿ ಮಡಿಚಿಟ್ಟಿದ್ದರೆ ಇವತ್ತೇ ಹೊರತೆಗೆಯಿರಿ. ಮಾಸಿದ ಸೋಫಾದ ಬೆನ್ನಿಗೆ ಹಾಸಿ, ಇಲ್ಲವೇ ದಿವಾನದ ಮೇಲೆ. ಆ ಖಾಲಿ ಟ್ರಂಕೂ ಬೇಕು. ಒಂದು ಕೋಟು ಬಣ್ಣ ಬಳಿದು ಹಾಲ್‌ನ ನಡುವೆ ಇಟ್ಟರೆ ಟೀಪಾಯಿಯೂ ಆಯಿತು, ಹಾಸಿಗೆ ದಿಂಬು ಇಡುವ ಜಾಗವೂ ಆಯಿತು. ನಿಮ್ಮ ಅಮ್ಮನ, ಅಜ್ಜಿಯ ಹಳೆಯ ಸೀರೆಗಳನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದರೆ ಕೌದಿ ಹೊಲಿಯುವವರಿಗೆ ಕೊಡಿ. ಹೊಲಿಗೆಯ ಕೂಲಿಯನ್ನು ಕೈತುಂಬ ಕೊಡಿ. ಹಳೆಯ ಬಟ್ಟೆಯೆಂದು ಕೆಲಸವೇನೂ ಹಗುರವಲ್ಲ, ಸಾವಿರಾರು ಹೊಲಿಗೆ ಬೀಳಬೇಕು.

ನೆಲಕ್ಕೆ ಹಾಸಲು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯಿದೆ. ಅದನ್ನು ನೇಯುವವರು ಹೆಂಗಸರು, ಮನೆಯಲ್ಲಿಯೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು. ಪಗಡೆಯ ಹಾಸು, ನವಿಲು, ಗೆರೆಗೆರೆಯ ಅಂಚು ಅದರ ಗುರುತು. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದರೂ ನೇಯುವ ಕೈಗಳು ಕಡಿಮೆಯಾಗುತ್ತಾ ಬಂದಿವೆ. ಯಂತ್ರದ ಕಾರ್ಪೆಟ್ಟು ಅಗ್ಗ, ಜಮಖಾನೆಗೆ ದಿನಗಟ್ಟಲೆ ಕೂರಬೇಕು. ಆದರೆ ಗಟ್ಟಿ ಹತ್ತಿಯ ಈ ಹಾಸನ್ನು ಕೊಡವಿ ಬಿಸಿಲಿಗೆ ಹಾಕಬಹುದು, ಎರಡೂ ಬದಿ ಹಾಸಬಹುದು, ಕೂತು ಉಣ್ಣಬಹುದು. ನಮ್ಮ ಹವೆಗೆ ದೂಳು ಹಿಡಿದಿಟ್ಟುಕೊಳ್ಳುವ ದಪ್ಪ ಕಾರ್ಪೆಟ್ಟಿಗಿಂತ ಇದೇ ಒಗ್ಗುತ್ತದೆ.

ಗೋಡೆಗೆ ಬಂದರೆ ಮಲೆನಾಡಿನ ಹಸೆ ಚಿತ್ತಾರವನ್ನು ನೆನೆಯಲೇಬೇಕು. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಮದುವೆಗೆಂದು ಹೆಂಗಸರು ಬರೆಯುವ ಚಿತ್ರ ಇದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚಕ್ಕೆ ಪುಂಡಿಯ ನಾರು. ಎಳೆ ಎಳೆಯಾದ ನೇರ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು ಮನೆ, ತೇರು, ಮದುಮಕ್ಕಳು ಮೂಡುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ನಮ್ಮ ಹಾಲ್‌ನ ಒಂದು ಗೋಡೆಗೆ ಅಚ್ಚಾದ ವಾಲ್‌ಪೇಪರ್ ಅಂಟಿಸುವ ಬದಲು ಚಿತ್ತಾರ ಬರೆಯುವವರನ್ನೇ ಕರೆಸಬಹುದು. ಬಂದುಹೋಗುವ ಖರ್ಚು, ಊಟ ವಸತಿ, ಕೆಲಸದ ಸಂಭಾವನೆ ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಿ. ಬರೆಯುವಾಗ ಮನೆಯ ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ. ಯಾರೋ ಬರೆದದ್ದನ್ನು ಮೊಬೈಲಿನಲ್ಲಿ ನೋಡಿ ಬೇರೊಬ್ಬರಿಂದ ನಕಲು ಮಾಡಿಸುವುದು ಸರಿಯಲ್ಲ. ಆ ಗೆರೆಗಳಿಗೆ ಒಡತಿಯರಿದ್ದಾರೆ.

ಬೆಳಕಿನ ವಿಷಯದಲ್ಲಿ ಒಂದೇ ಸಲಹೆ. ಕೋಣೆಗೆಲ್ಲ ಒಂದೇ ಟ್ಯೂಬ್‌ಲೈಟ್ ಉರಿಸಿದರೆ ಎಷ್ಟು ಒಳ್ಳೆಯ ಸಾಮಾನಿದ್ದರೂ ಮಂಕಾಗಿ ಕಾಣುತ್ತದೆ. ಓದುವ ಕಡೆಗೆ, ಊಟದ ಮೇಜಿಗೆ, ಮೂಲೆಗೆ ಬೇರೆ ಬೇರೆ ದೀಪ ಇರಲಿ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಸಂಜೆಯ ಬಿಸಿಲಿನಂಥ ಬೆಳಕು ಬರುತ್ತದೆ. 6500 ಎಂದಿದ್ದರೆ ನೀಲಿಬೆರೆತ ಬಿಳಿ, ಅದು ಅಡಿಗೆಮನೆಗೂ ಹೊಲಿಗೆ ಯಂತ್ರದ ಬಳಿಗೂ ಸರಿ. ದೀಪಕ್ಕೆ ಗುಮ್ಮಟ ಬೇಕೆಂದರೆ ಮೇದಾರರ ಬೀದಿಗೆ ಹೋಗಿ, ಕಣ್ಣುಕಣ್ಣಾಗಿ ಹೆಣೆದ ಬಿದಿರಿನ ಬುಟ್ಟಿ ತನ್ನಿ. ಬೋರಲು ಹಾಕಿ ನಡುವೆ ಹೋಲ್ಡರ್ ಇಳಿಬಿಟ್ಟರೆ ಗೋಡೆಯ ತುಂಬ ನೆರಳಿನ ಚಿತ್ತಾರ. ಇದಕ್ಕೆ ಕಡಿಮೆ ವ್ಯಾಟಿನ ಎಲ್‌ಇಡಿ ಬಲ್ಬನ್ನೇ ಹಾಕಿ, ಬುಟ್ಟಿಗೆ ತಾಗದಂತಿರಲಿ. ಹಳೆಯ ತಂತಿಬಲ್ಬು ಬಿಸಿಯಾಗಿ ಬಿದಿರನ್ನು ಸುಟ್ಟೀತು.

ಕಲಘಟಗಿಯ ಬಣ್ಣದ ತೊಟ್ಟಿಲ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ದೇವರ ಕಥೆಗಳನ್ನು ಅರಗಿನ ಬಣ್ಣದಲ್ಲಿ ಬರೆದ ಆ ತೊಟ್ಟಿಲು ಮನೆಯಲ್ಲಿದ್ದು, ಮಕ್ಕಳು ದೊಡ್ಡವರಾಗಿದ್ದರೆ, ದಯವಿಟ್ಟು ಅದನ್ನು ಸುಮ್ಮನೆ ಇಡಬೇಡಿ. ಅಕ್ಕನ ಮಗಳ ಮನೆಗೆ, ಪಕ್ಕದ ಮನೆಯ ಬಾಣಂತಿಗೆ ಕೊಡಿ. ಅವರ ಕೂಸು ಬೆಳೆದ ಮೇಲೆ ಮುಂದಿನವರಿಗೆ ಹೋಗಲಿ. ಒಳ್ಳೆಯ ಸಾಮಾನಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅಜ್ಜಿಯ ಹಿತ್ತಾಳೆ ಕೊಳಗ, ಹಂಡೆಗಳಿಗೂ ಕೆಲಸ ಕೊಡಬಹುದು. ತೂತು ಕೊರೆಯದೆ, ಒಳಗೆ ಗಿಡದ ಕುಂಡವನ್ನೇ ಇಳಿಸಿಡಿ. ಹಳೆಯ ಒರಳನ್ನು ಬಾಲ್ಕನಿಯಲ್ಲಿಟ್ಟು ಹಕ್ಕಿಗಳಿಗೆ ನೀರಿಟ್ಟರೆ ದಿನವೂ ಚೆಲ್ಲಿ ಹೊಸ ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡಲು ಬಿಡಬೇಡಿ.

ಬಳಸಿದರೆ ಹಾಳಾಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಸವೆಯುತ್ತದೆ. ಜಮಖಾನೆಯ ಅಂಚು ಎಳೆ ಬಿಡುತ್ತದೆ, ಅರಗಿನ ಹಿಡಿ ವರ್ಷಗಳ ಮೇಲೆ ಮಾಸುತ್ತದೆ. ಆಗ ಇನ್ನೊಂದನ್ನು ಕೊಳ್ಳುತ್ತೇವೆ, ಹರಿದದ್ದನ್ನು ರಿಪೇರಿಗೆ ಕೊಡುತ್ತೇವೆ. ಕಸುಬು ಉಳಿಯುವ ದಾರಿಯೇ ಅದು. ಷೋಕೇಸಿನ ಬೊಂಬೆಯನ್ನು ಒಂದು ಮನೆ ಜೀವಮಾನದಲ್ಲಿ ಒಮ್ಮೆ ಕೊಳ್ಳುತ್ತದೆ. ಅಷ್ಟರಿಂದ ಲೇತಿನ ಮುಂದೆ ಕೂತವರ ಮಗ ಅದೇ ಕೆಲಸ ಕಲಿಯುವ ಧೈರ್ಯ ಮಾಡಲಾರ. ಸಾಧ್ಯವಿದ್ದಲ್ಲಿ ನೇರವಾಗಿ ಕಸುಬುಗಾರರಿಂದ ಕೊಳ್ಳಿ. ಅಷ್ಟು ದೂರ ಹೋಗಲಾಗದಿದ್ದರೆ ರಾಜ್ಯ ಸರ್ಕಾರದ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಿವೆ. ಕೈಕೆಲಸದವರ ಬಳಿ ಚೌಕಾಸಿ ಮಾಡಬೇಡಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಒಂದೇ ಸಲಕ್ಕೆ ಇಡೀ ಮನೆ ಬದಲಾಯಿಸುವ ಅಗತ್ಯವಿಲ್ಲ. ಈ ತಿಂಗಳು ಒಂದು ಕೆಲಸ ಹಿಡಿಯಿರಿ. ಅಟ್ಟದ ಕುರ್ಚಿಯನ್ನು ಹೆಣಿಗೆಯವರಿಗೆ ಒಪ್ಪಿಸಿ, ಅಥವಾ ಬೀರುವಿನ ಹಿಡಿಗಳನ್ನು ಬದಲಿಸಿ, ಅಥವಾ ಕೌದಿಯನ್ನು ಟ್ರಂಕಿನಿಂದ ಈಚೆ ತನ್ನಿ. ಮುಂದಿನ ತಿಂಗಳು ಇನ್ನೊಂದು. ಮಾಡಿಕೊಟ್ಟವರ ಹೆಸರು, ಊರು, ಫೋನ್ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಗೆ ಬಂದವರು ಚೆನ್ನಾಗಿದೆ ಎಂದಾಗ ಆ ಪುಸ್ತಕ ತೆರೆದು ಅವರಿಗೂ ಬರೆದುಕೊಡಿ. ಕಸುಬುಗಾರರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ, ಅವರ ಬಳಿಗೆ ಮುಂದಿನ ಗಿರಾಕಿಯನ್ನು ಕಳಿಸುವುದು.